ತಂತಿಯ ಎರಡು ತುದಿ: ಇಂಟರ್ನೆಟ್ಟಿಗೆ ಮುಂಚಿನ ಕಂಪ್ಯೂಟರ್ ಸಂಪರ್ಕವನ್ನು ಮನೆಯಲ್ಲಿಯೇ ಕಟ್ಟಿ ನೋಡುವ ಕ್ರಮ

ಶಿರಸಿ, ಸಿದ್ದಾಪುರದ ಕಡೆಯ ಹಳೆಯ ಮನೆಗಳಲ್ಲಿ ಅಟ್ಟ ಹತ್ತಿ ಹುಡುಕಿದರೆ, ಮೊಂಡಾದ ಮೆಟ್ಟುಗತ್ತಿ, ಗಾಜು ಒಡೆದ ಲಾಟೀನು, ಗೆದ್ದಲು ತಿಂದ ಪಂಚಾಂಗಗಳ ನಡುವೆ, ಮುಂಭಾಗದಲ್ಲಿ ಕೆಂಪು ದೀಪಗಳ ಸಾಲಿರುವ ಒಂದು ಚಪ್ಪಟೆ ಪೆಟ್ಟಿಗೆ ಸಿಗುವುದುಂಟು. ಅದು ಮೋಡೆಮ್, ಕಂಪ್ಯೂಟರನ್ನು ಫೋನಿನ ತಂತಿಗೆ ಸೇರಿಸುವ ಸಾಧನ. ಬ್ರಾಡ್‌ಬ್ಯಾಂಡ್ ಬಂದ ಮೇಲೆ ಕೆಲಸ ಕಳೆದುಕೊಂಡ ಆ ಪೆಟ್ಟಿಗೆಯನ್ನು ಕೆಳಗಿಳಿಸಿ, ಇಂಟರ್ನೆಟ್ ಮನೆಮನೆಗೆ ತಲುಪುವ ಮೊದಲು ಒಂದು ಕಂಪ್ಯೂಟರು ಇನ್ನೊಂದರೊಡನೆ ಹೇಗೆ ಮಾತನಾಡುತ್ತಿತ್ತು ಎಂಬುದನ್ನು ಕೈಯಾರೆ ಮಾಡಿ ನೋಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಕಾಲೇಜು ವಿದ್ಯಾರ್ಥಿಗಳಿಗೆ ಇದನ್ನು ಹಲವು ಬಾರಿ ಮಾಡಿ ತೋರಿಸಿರುವುದರಿಂದ ಅವರು ಎಲ್ಲೆಲ್ಲಿ ಎಡವುತ್ತಾರೆ ಎಂಬುದು ನನಗೆ ಬಾಯಿಪಾಠವಾಗಿದೆ. ಅಂತಹ ಜಾಗಗಳಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ.

ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇಂದು ಕಂಪ್ಯೂಟರು ಅಥವಾ ಮೊಬೈಲು ಸದಾ ಜಾಲದಲ್ಲಿಯೇ ಇರುತ್ತದೆ. ಅಂದು ಸಂಪರ್ಕವೆಂದರೆ ಒಂದು ಫೋನ್ ಕರೆಯಾಗಿತ್ತು. ಕರೆ ಮಾಡಬೇಕು, ಆ ಕಡೆಯ ಯಂತ್ರ ಎತ್ತಬೇಕು, ನಿಮಿಷಗಳನ್ನು ಎಣಿಸುತ್ತ ಕೆಲಸ ಮುಗಿಸಬೇಕು, ಇಡಬೇಕು. ಕಾರವಾರದಿಂದಲೋ ಶಿರಸಿಯಿಂದಲೋ ಬೆಂಗಳೂರಿಗೆ ಮಾಡುವ ಕರೆ ಎಸ್‌ಟಿಡಿ ಲೆಕ್ಕಕ್ಕೆ ಸೇರುತ್ತಿದ್ದುದರಿಂದ ಹಗಲಿನಲ್ಲಿ ಪೂರ್ಣ ದರ, ರಾತ್ರಿ ಹೊತ್ತೇರಿದ ಮೇಲೆ ಕಾಲು ದರ ಬೀಳುತ್ತಿತ್ತು. ಹೀಗಾಗಿ ಹೇಳಬೇಕಾದುದನ್ನೆಲ್ಲ ಮೊದಲೇ ಬರೆದಿಟ್ಟುಕೊಂಡು, ಸಾಲಾಗಿ ಜೋಡಿಸಿಕೊಂಡು, ಆಮೇಲಷ್ಟೇ ಡಯಲ್ ಮಾಡುವುದು ಬಳಕೆದಾರರ ಅಭ್ಯಾಸವಾಯಿತು, ಮತ್ತು ಆ ಕಾಲದ ತಂತ್ರಾಂಶಗಳೂ ಇದೇ ಅಭ್ಯಾಸದ ಸುತ್ತ ಬೆಳೆದವು. ಮುಂದೆ ಹೇಳುವ ಪ್ರತಿಯೊಂದು ಹಂತದಲ್ಲಿಯೂ ಈ ಕ್ರಮವನ್ನೇ ಪಾಲಿಸಿದರೆ ಪ್ರಯೋಗ ಸಲೀಸಾಗುತ್ತದೆ. ಪಾಲಿಸದಿದ್ದರೆ ತಂತಿ ಹಿಡಿದುಕೊಂಡು ಏನು ಬರೆಯಲೆಂದು ಯೋಚಿಸುತ್ತ ಕೂರಬೇಕಾಗುತ್ತದೆ.

ಮೂರು ತಂತಿಯಿಂದ ಆರಂಭ

ನೇರವಾಗಿ ಮೋಡೆಮ್ ಜೋಡಿಸಲು ಹೋಗಬಾರದು. ಮೊದಲು ಎರಡು ಕಂಪ್ಯೂಟರುಗಳನ್ನು ಒಂದೇ ಮೇಜಿನ ಮೇಲಿಟ್ಟು ಸೀರಿಯಲ್ ಪೋರ್ಟುಗಳ, ಅಂದರೆ ಸೊನ್ನೆ ಒಂದುಗಳನ್ನು (ಬಿಟ್‌ಗಳನ್ನು) ಒಂದರ ಹಿಂದೆ ಒಂದಾಗಿ ಕಳುಹಿಸುವ ಕಿಂಡಿಗಳ ಮೂಲಕ ಸೇರಿಸಬೇಕು. ಒಂಬತ್ತು ಪಿನ್ನಿನ ಈ ಪೋರ್ಟು ಹಳೆಯ ಯಂತ್ರಗಳಲ್ಲಿ ಇದ್ದೇ ಇರುತ್ತದೆ. ಹೊಸ ಲ್ಯಾಪ್‌ಟಾಪಿಗೆ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ಲನ್ನು ಕೊಳ್ಳಬೇಕಾಗುತ್ತದೆ. ಕೊಳ್ಳುವಾಗ ಒಂಬತ್ತು ಪಿನ್ನಿನ ತಲೆಯಿರುವ, ಆರ್‌ಎಸ್ 232 ಎಂದು ಸ್ಪಷ್ಟವಾಗಿ ನಮೂದಿಸಿರುವ ಕೇಬಲ್ಲನ್ನೇ ಆರಿಸಿಕೊಳ್ಳಿ. ಬಿಡಿ ಪಿನ್ನುಗಳಿರುವ ಅಗ್ಗದ ಫಲಕಗಳು 3.3 ಅಥವಾ 5 ವೋಲ್ಟಿನಲ್ಲಿ ಕೆಲಸ ಮಾಡುತ್ತವೆ, ಆರ್‌ಎಸ್ 232 ತಂತಿಯಾದರೋ ಧನ ಮತ್ತು ಋಣ ಎರಡೂ ದಿಕ್ಕಿನಲ್ಲಿ 15 ವೋಲ್ಟಿನವರೆಗೆ ಹೋಗಬಲ್ಲದು. ಎರಡನ್ನೂ ಸೇರಿಸಿದರೆ ಆ ಫಲಕ ಸುಟ್ಟುಹೋಗುತ್ತದೆ.

ಬೇಕಾಗಿರುವುದು ಮೂರೇ ತಂತಿಗಳು. ಒಂಬತ್ತು ಪಿನ್ನಿನ ಪೋರ್ಟಿನಲ್ಲಿ 2ನೆಯದು ಕೇಳುವ ಪಿನ್ನು, 3ನೆಯದು ಹೇಳುವ ಪಿನ್ನು, 5ನೆಯದು ಗ್ರೌಂಡು. ಒಂದು ಯಂತ್ರದ 2ನ್ನು ಇನ್ನೊಂದರ 3ಕ್ಕೂ, 3ನ್ನು 2ಕ್ಕೂ, 5ನ್ನು 5ಕ್ಕೂ ಸೇರಿಸಬೇಕು. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಸೇರಲೇಬೇಕಲ್ಲ. ಅಡ್ಡ ಹಾಯಿಸದೆ ನೇರವಾಗಿ ಬೆಸೆದರೆ ಎರಡು ಬಾಯಿಗಳು ಎದುರುಬದುರಾಗಿ ಮಾತನಾಡುತ್ತವೆ, ಕೇಳುವವರೇ ಇರುವುದಿಲ್ಲ. ವಿದ್ಯಾರ್ಥಿಗಳ ಹತ್ತರಲ್ಲಿ ಆರು ತೊಡಕುಗಳು ಇಲ್ಲಿಯೇ ಇರುತ್ತವೆ. ಇಂತಹ ಅಡ್ಡತಂತಿಯ ಕೇಬಲ್ಲಿಗೆ ನಲ್ ಮೋಡೆಮ್ ಎಂದು ಹೆಸರು, ಅಂಗಡಿಯಲ್ಲಿ ಹಾಗೆಯೇ ಕೇಳಬಹುದು. ಉದ್ದ 15 ಮೀಟರಿನೊಳಗೆ ಇರಲಿ.

ಇನ್ನು ಒತ್ತಿದ ಅಕ್ಷರವನ್ನು ತಂತಿಗೆ ಕಳುಹಿಸಿ, ಬಂದದ್ದನ್ನು ಪರದೆಯಲ್ಲಿ ತೋರಿಸುವ ಟರ್ಮಿನಲ್ ತಂತ್ರಾಂಶ. ವಿಂಡೋಸ್‌ನಲ್ಲಿ ಟೆರಾ ಟರ್ಮ್, ಲಿನಕ್ಸ್‌ನಲ್ಲಿ ಮಿನಿಕಾಮ್ ಉಚಿತವಾಗಿ ಸಿಗುತ್ತವೆ. ಹಿಂದೆ ವಿಂಡೋಸ್ ಜೊತೆಯಲ್ಲಿಯೇ ಬರುತ್ತಿದ್ದ ಹೈಪರ್‌ಟರ್ಮಿನಲ್ ಎಕ್ಸ್‌ಪಿಯ ನಂತರ ಬರಲಿಲ್ಲ. ಎರಡೂ ಕಡೆ ವೇಗ ಸೆಕೆಂಡಿಗೆ 2400 ಬಿಟ್, ದತ್ತಾಂಶ 8 ಬಿಟ್, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1, ಫ್ಲೋ ಕಂಟ್ರೋಲ್ ಇಲ್ಲ ಎಂದು ಹೊಂದಿಸಿ. ಈಗ ಒಂದು ಕಡೆ ಒತ್ತಿದ ಅಕ್ಷರ ಇನ್ನೊಂದು ಕಡೆಯ ಪರದೆಯಲ್ಲಿ ಮೂಡಬೇಕು. ತಾವು ಒತ್ತಿದ ಅಕ್ಷರ ತಮ್ಮ ಪರದೆಯಲ್ಲಿಯೇ ಕಾಣುತ್ತಿಲ್ಲವೆಂದು ಗಾಬರಿಯಾಗಬೇಕಾಗಿಲ್ಲ. ಲೋಕಲ್ ಎಕೋ ಎಂಬ ಆಯ್ಕೆಯನ್ನು ತೆರೆದರೆ ಕಾಣುತ್ತದೆ.

ವೇಗವನ್ನು 2400ಕ್ಕೇ ಇಡಲು ಹೇಳಿದ್ದಕ್ಕೆ ಕಾರಣವಿದೆ. ಎಂಟು ಬಿಟ್‌ಗಳ ಹಿಂದೆ ಮುಂದೆ ಒಂದೊಂದು ಬಿಟ್ ಸೇರಿ ಪ್ರತಿ ಅಕ್ಷರಕ್ಕೂ ಹತ್ತು ಬಿಟ್ ಬೇಕಾಗುವುದರಿಂದ, ಈ ವೇಗದಲ್ಲಿ ಸೆಕೆಂಡಿಗೆ 240 ರೋಮನ್ ಅಕ್ಷರಗಳು ಸಾಗುತ್ತವೆ. ಇಪ್ಪತ್ತೈದು ಸಾಲು, ಸಾಲಿಗೆ ಎಂಬತ್ತು ಅಕ್ಷರಗಳ ಒಂದು ಪರದೆ ತುಂಬಲು ಎಂಟು ಸೆಕೆಂಡಿಗೂ ಹೆಚ್ಚು ಹೊತ್ತು ಬೇಕು. ವೇಗವನ್ನು 300ಕ್ಕೆ ಇಳಿಸಿ ನೋಡಿದರೆ ಅದೇ ಪರದೆಗೆ ಒಂದು ನಿಮಿಷ ದಾಟುತ್ತದೆ. ಅಕ್ಷರಗಳು ಒಂದೊಂದಾಗಿ ನಡೆದು ಬರುವುದನ್ನು ಓದುತ್ತಲೇ ಹಿಂಬಾಲಿಸಬಹುದು. ಈ ನಿಧಾನವನ್ನು ಕಣ್ಣಾರೆ ಕಾಣದೆ ಮುಂದಿನ ಯಾವ ಹಂತದ ಅಗತ್ಯವೂ ಮನಸ್ಸಿಗೆ ಹತ್ತುವುದಿಲ್ಲ.

ಕನ್ನಡವನ್ನೂ ಇಲ್ಲಿಯೇ ಪರೀಕ್ಷಿಸಿಬಿಡಿ. ಅಕ್ಷರಗಳನ್ನು ಅಂಕಿಗಳಾಗಿಸುವ ಯುಟಿಎಫ್ 8 ಕ್ರಮದಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ ಮೂರು ಮೂರು ಬೈಟ್ (ಎಂಟು ಬಿಟ್‌ಗಳ ಕಟ್ಟು) ಬೇಕು. ‘ಶಿರಸಿ’ ಎಂದು ಕಳುಹಿಸಿದರೆ 15 ಬೈಟ್, ‘ಕಾರವಾರ’ ಎಂದರೆ 18. ದತ್ತಾಂಶವನ್ನು 7 ಬಿಟ್‌ಗೆ ಇಳಿಸಿದ ಕೂಡಲೇ ಆ ಕನ್ನಡವೆಲ್ಲ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಉದುರುತ್ತದೆ. ಆ ದಿನಗಳಲ್ಲಿ ತಂತಿಯ ಮೇಲೆ ಹೋಗುತ್ತಿದ್ದ ಕನ್ನಡವೆಲ್ಲ ಹೆಚ್ಚುಕಡಿಮೆ ಇಂಗ್ಲಿಷ್ ಲಿಪಿಯಲ್ಲಿಯೇ ಇರುತ್ತಿದ್ದುದಕ್ಕೆ ಇದೂ ಒಂದು ಕಾರಣ. ಭಾರತೀಯ ಲಿಪಿಗಳಿಗೆಂದು 1991ರಲ್ಲಿ ಇಸ್ಕಿ ಎಂಬ ಮಾನಕ ಬಂದರೂ ಅದನ್ನು ತೋರಿಸಬಲ್ಲ ಯಂತ್ರ ಎರಡೂ ತುದಿಗಳಲ್ಲಿ ಇರಬೇಕಾಗಿತ್ತು. ಇಂದಿನ ಟರ್ಮಿನಲ್ ತಂತ್ರಾಂಶಗಳಲ್ಲಿಯೂ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣಬಹುದು, ಏಕೆಂದರೆ ಅವು ಪ್ರತಿ ಚಿಹ್ನೆಗೂ ಒಂದೊಂದು ಚೌಕವನ್ನು ಮೀಸಲಿಡುತ್ತವೆ. ಬಂದದ್ದನ್ನು ಕಡತವಾಗಿ ಉಳಿಸಿ ಬೇರೆ ಸಂಪಾದಕದಲ್ಲಿ ತೆರೆದರೆ ಸರಿಯಾಗಿರುತ್ತದೆ.

ಮೋಡೆಮ್ ಮತ್ತು ಫೋನಿನ ತಂತಿ

ಟೆಲಿಫೋನ್ ಜಾಲವನ್ನು ಮನುಷ್ಯರ ಮಾತಿಗಾಗಿ ಕಟ್ಟಿದ್ದು. ಅದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ದಾಟಿಸುತ್ತದೆ. ಆದ್ದರಿಂದ ಸೊನ್ನೆ ಮತ್ತು ಒಂದುಗಳನ್ನು ಆ ವ್ಯಾಪ್ತಿಯ ಸ್ವರಗಳಾಗಿ ಬದಲಿಸುವುದು, ಆ ಕಡೆ ಮತ್ತೆ ಸ್ವರವನ್ನು ಅಂಕಿಯಾಗಿಸುವುದು ಮೋಡೆಮಿನ ಕೆಲಸ. 300 ಬಿಟ್ ವೇಗದ ವಿ.21 ಮಾನಕದಲ್ಲಿ ಕರೆ ಮಾಡಿದ ಯಂತ್ರವು ‘1’ ಎನ್ನಲು 980 ಹರ್ಟ್ಸ್, ‘0’ ಎನ್ನಲು 1180 ಹರ್ಟ್ಸ್ ಸ್ವರವನ್ನು ಹಾಡುತ್ತದೆ. ಎತ್ತಿಕೊಂಡ ಯಂತ್ರವು 1650 ಮತ್ತು 1850ರಲ್ಲಿ ಹಾಡುತ್ತದೆ. ಇಬ್ಬರ ಶ್ರುತಿಯೂ ಬೇರೆಯಾಗಿರುವುದರಿಂದ ಒಂದೇ ತಂತಿಯಲ್ಲಿ ಇಬ್ಬರೂ ಏಕಕಾಲಕ್ಕೆ ಮಾತನಾಡಲು ಸಾಧ್ಯವಾಯಿತು. ಮುಂದೆ ಸ್ವರದ ಅಲೆಯ ಹಂತ (ಫೇಸ್) ಮತ್ತು ಎತ್ತರಗಳೆರಡನ್ನೂ ಬಳಸಿಕೊಂಡು ವೇಗ ಏರುತ್ತ ಹೋಗಿ, 1991ರ ಹೊತ್ತಿಗೆ 14,400ಕ್ಕೂ, 1994ರಲ್ಲಿ 28,800ಕ್ಕೂ, 1998ರಲ್ಲಿ 56,000ಕ್ಕೂ ಮುಟ್ಟಿತು.

ಇಂದು ಎರಡು ಸ್ಥಿರ ದೂರವಾಣಿಗಳನ್ನು ಹೊಂದಿಸುವುದು ಕಷ್ಟ, ಹೊಂದಿಸಿದರೂ ಫೈಬರ್ ಮೂಲಕ ಬರುವ ಫೋನುಗಳಲ್ಲಿ ಮೋಡೆಮಿನ ಸ್ವರ ಹಾಳಾಗುವುದುಂಟು. ನಾನು ಕಂಡುಕೊಂಡ ಸುಲಭದ ಉಪಾಯವೆಂದರೆ ಲಾಡ್ಜುಗಳಲ್ಲಿ, ಅಡಿಕೆ ಮಂಡಿಗಳಲ್ಲಿ ಒಳಗೊಳಗೇ ಮಾತನಾಡಲು ಬಳಸುತ್ತಿದ್ದ ಸಣ್ಣ ಇಪಿಎಬಿಎಕ್ಸ್ ಪೆಟ್ಟಿಗೆ. ಹಳೆಯದೊಂದು ಸಿಕ್ಕರೆ ಅದೇ ನಿಮ್ಮ ಎಕ್ಸ್‌ಚೇಂಜು. ಒಂದು ಮೋಡೆಮನ್ನು 21ನೆಯ ಎಕ್ಸ್‌ಟೆನ್ಷನ್ನಿಗೆ, ಇನ್ನೊಂದನ್ನು 22ಕ್ಕೆ ಸೇರಿಸಿದರೆ ಸಾಕು. ಅದೂ ಸಿಗದಿದ್ದರೆ ಎರಡು ಮೋಡೆಮುಗಳನ್ನು ಒಂದು ಫೋನ್ ತಂತಿಯಿಂದ ನೇರವಾಗಿ ಜೋಡಿಸಿ, ತಂತಿಯ ಒಂದು ಎಳೆಯಲ್ಲಿ 9 ವೋಲ್ಟಿನ ಬ್ಯಾಟರಿಯನ್ನೂ ಸುಮಾರು 300 ಓಮ್ ರೆಸಿಸ್ಟರನ್ನೂ ಸೇರಿಸಬಹುದು. ಎಕ್ಸ್‌ಚೇಂಜು ಕೊಡಬೇಕಾದ ಅಲ್ಪ ವಿದ್ಯುತ್ತನ್ನು ಬ್ಯಾಟರಿ ಕೊಡುತ್ತದೆ. ನಿಜವಾದ ದೂರವಾಣಿ ತಂತಿಗೆ ಈ ಬ್ಯಾಟರಿ ಜೋಡಣೆಯನ್ನು ಎಂದಿಗೂ ಸೇರಿಸಬೇಡಿ. ಅದರಲ್ಲಿ ಸುಮ್ಮನಿರುವಾಗ 48 ವೋಲ್ಟ್ ಇರುತ್ತದೆ, ಗಂಟೆ ಬಾರಿಸುವಾಗ ಇನ್ನೂ ಹೆಚ್ಚು. ಬೆರಳಿಗೆ ತಗುಲಿದರೆ ಚೆನ್ನಾಗಿ ಜುಮ್ಮೆನ್ನುತ್ತದೆ.

ಮೋಡೆಮಿಗೆ ಆಜ್ಞೆ ಕೊಡುವ ಭಾಷೆಯನ್ನು ಹೇಯ್ಸ್ ಎಂಬ ಅಮೆರಿಕದ ಕಂಪನಿ 1981ರ ತನ್ನ ಸ್ಮಾರ್ಟ್‌ಮೋಡೆಮಿನೊಂದಿಗೆ ರೂಢಿಗೆ ತಂದಿತು. ನಂತರದ ಎಲ್ಲರೂ ಅದನ್ನೇ ಅನುಸರಿಸಿದರು. ಪ್ರತಿ ಆಜ್ಞೆಯೂ ‘ಎಟಿ’ ಎಂದು ಆರಂಭವಾಗುತ್ತದೆ. ಇಲ್ಲಿ ನಾನು ಕನ್ನಡದಲ್ಲಿ ಬರೆದಿರುವುದನ್ನು ಕೀಲಿಮಣೆಯಲ್ಲಿ ರೋಮನ್ ಅಕ್ಷರಗಳಾಗಿಯೇ ಒತ್ತಿ ಎಂಟರ್ ಕೊಡಬೇಕು. ಬರಿಯ ‘ಎಟಿ’ ಒತ್ತಿದಾಗ ಮೋಡೆಮ್ ‘ಓಕೆ’ ಎಂದು ಉತ್ತರಿಸಿದರೆ ಎಚ್ಚರವಾಗಿದೆ ಎಂದರ್ಥ. ‘ಎಟಿಜೆಡ್’ ಹಳೆಯ ಹೊಂದಾಣಿಕೆಗಳನ್ನು ಅಳಿಸಿ ಮೊದಲಿಗೆ ತರುತ್ತದೆ. ಆ ಕಡೆಯ ಮೋಡೆಮಿಗೆ ‘ಎಟಿಎಸ್0=1’ ಎಂದು ಕೊಟ್ಟರೆ ಮೊದಲ ಗಂಟೆಗೇ ತಾನಾಗಿ ಎತ್ತಿಕೊಳ್ಳುತ್ತದೆ. ಈ ಕಡೆಯಿಂದ ‘ಎಟಿಡಿಟಿ22’ ಎಂದರೆ 22ಕ್ಕೆ ಟೋನ್ ಮೂಲಕ ಡಯಲ್ ಮಾಡುತ್ತದೆ; ‘ಟಿ’ ಬದಲು ‘ಪಿ’ ಹಾಕಿದರೆ ಹಳೆಯ ತಿರುಗು ಚಕ್ರದ ಫೋನಿನಂತೆ ಟಕಟಕನೆ ಪಲ್ಸ್ ಕೊಡುತ್ತದೆ.

ಈ ‘ಪಿ’ ಅಕ್ಷರ ನಮ್ಮ ಕಡೆಯವರಿಗೆ ಬಹಳ ಕಾಲ ಬೇಕಾಗಿತ್ತು. ಹಳೆಯ ಎಕ್ಸ್‌ಚೇಂಜುಗಳಿಗೆ ಟೋನ್ ತಿಳಿಯುತ್ತಿರಲಿಲ್ಲ. ಒಂದಕ್ಕೆ ಒಂದು ಮಿಡಿತ, ಸೊನ್ನೆಗೆ ಹತ್ತು ಮಿಡಿತ, ಸೆಕೆಂಡಿಗೆ ಹತ್ತರಂತೆ. ಬೆಂಗಳೂರಿನ ಅಂದಿನ 0812 ಸಂಕೇತವನ್ನೂ ಆರಂಕಿಯ ಸಂಖ್ಯೆಯನ್ನೂ ಹೀಗೆ ಮಿಡಿಯಿಸಿ ಮುಗಿಸುವಷ್ಟರಲ್ಲಿ ಹತ್ತು ಸೆಕೆಂಡು ಹೋಗಿರುತ್ತಿತ್ತು, ಕೊನೆಗೆ ಎಲ್ಲ ಲೈನುಗಳೂ ಕಾರ್ಯನಿರತವೆಂಬ ಹೆಣ್ಣುದನಿ ಕೇಳಿಸುತ್ತಿತ್ತು. ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ 1984ರಲ್ಲಿ ಸ್ಥಾಪನೆಯಾಗಿ, ಅದು ರೂಪಿಸಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ನಮ್ಮ ನೆರೆಯ ಕಿತ್ತೂರಿನಲ್ಲಿ ಮೊದಲು ನೆಲೆಗೊಂಡಿತು; ಇಂತಹ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಒಂದೊಂದೇ ಊರಿಗೆ ಬಂದಂತೆ ‘ಟಿ’ ಚಾಲ್ತಿಗೆ ಬಂತು.

ಇಪಿಎಬಿಎಕ್ಸ್‌ನಲ್ಲಿ ಡಯಲ್ ಮಾಡುವಾಗ ಮೋಡೆಮ್ ‘ನೋ ಡಯಲ್‌ಟೋನ್’ ಎಂದು ದೂರುವುದು ಬಹು ಸಾಮಾನ್ಯ. ಅದು ನಿರೀಕ್ಷಿಸುವ ಸ್ವರ ಒಂದು, ನಮ್ಮ ಪೆಟ್ಟಿಗೆ ಕೊಡುವುದು ಇನ್ನೊಂದು. ಆಜ್ಞೆಯನ್ನು ‘ಎಟಿಎಕ್ಸ್3ಡಿಟಿ22’ ಎಂದು ಬದಲಿಸಿದರೆ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ. ತಂತಿಯಿಂದ ನೇರವಾಗಿ ಜೋಡಿಸಿದ ಮೋಡೆಮುಗಳಿಗೆ ಸಂಖ್ಯೆಯೇ ಬೇಡ: ಒಂದಕ್ಕೆ ‘ಎಟಿಎಕ್ಸ್3ಡಿ’, ಇನ್ನೊಂದಕ್ಕೆ ತಕ್ಷಣವೇ ‘ಎಟಿಎ’. ಆಗ ಎತ್ತಿಕೊಂಡ ಕಡೆಯಿಂದ 2100 ಹರ್ಟ್ಸ್‌ನ ಉದ್ದನೆಯ ಸ್ವರ, ಅದರ ಬೆನ್ನಿಗೆ ಎರಡೂ ಕಡೆಯ ಕಿರುಚಾಟ, ಆಮೇಲೆ ಮೌನ, ಪರದೆಯ ಮೇಲೆ ‘ಕನೆಕ್ಟ್’. ಆ ಕಿರುಚಾಟ ಹಾಳು ಗದ್ದಲವಲ್ಲ. ತಂತಿ ಎಷ್ಟು ಚೆನ್ನಾಗಿದೆ, ಯಾವ ವೇಗ ನಿಭಾಯಿಸಬಹುದು ಎಂದು ಎರಡು ಯಂತ್ರಗಳು ನಡೆಸುವ ಚೌಕಾಸಿ ಅದು. ಕಿವಿ ಪಳಗಿದವರು ಆ ಸದ್ದಿನಿಂದಲೇ ಈ ಬಾರಿ ಸಿಗುತ್ತದೋ ಇಲ್ಲವೋ ಎಂದು ಹೇಳಿಬಿಡುತ್ತಿದ್ದರು.

ಸಂಪರ್ಕವಾದ ಮೇಲೆ ಇನ್ನೊಂದು ಎಕ್ಸ್‌ಟೆನ್ಷನ್ನಿನ ಫೋನನ್ನು ಅದೇ ಲೈನಿಗೆ ಪ್ಯಾರಲಲ್ ಆಗಿ ಸೇರಿಸಿ ಎತ್ತಿ ನೋಡಿ. ಪರದೆಯ ಮೇಲೆ ಕಸದಂತಹ ಚಿಹ್ನೆಗಳು ಸುರಿದು, ಕೆಲವೊಮ್ಮೆ ‘ನೋ ಕ್ಯಾರಿಯರ್’ ಎಂದು ಬಂದು ಎಲ್ಲವೂ ಮುಗಿಯುತ್ತದೆ. ಜಗುಲಿಯಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು ಎಂದು ಫೋನು ಇಟ್ಟುಕೊಂಡಿದ್ದ ಮನೆಗಳಲ್ಲಿ ರಾತ್ರಿ ಹನ್ನೊಂದರ ನಂತರ ಮೋಡೆಮ್ ಹಚ್ಚುತ್ತಿದ್ದುದಕ್ಕೆ ಕಾಲು ದರದ ಜೊತೆಗೆ ಇದೂ ಒಂದು ಕಾರಣವಾಗಿತ್ತು.

ಕಡತವನ್ನು ಕೆಡದಂತೆ ದಾಟಿಸುವುದು

ಹರಟೆಯಲ್ಲಿ ಒಂದು ಅಕ್ಷರ ಕೆಟ್ಟರೆ ನಡೆಯುತ್ತದೆ. ಅಡಿಕೆ ದರದ ಪಟ್ಟಿಯಲ್ಲಿ ಒಂದು ಅಂಕಿ ಕೆಟ್ಟರೆ ನಡೆಯುವುದಿಲ್ಲ. ಆದ್ದರಿಂದ ಪ್ರಯೋಗಕ್ಕೆ ಅಂತಹದೇ ಕಡತವೊಂದನ್ನು ಸಿದ್ಧಪಡಿಸಿಕೊಳ್ಳಿ: ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು ಎಂದು ಸಾಲಾಗಿ ಬರೆದು ಎದುರಿಗೆ ನಿಮಗೆ ತೋಚಿದ ಅಂಕಿಗಳನ್ನು ಹಾಕಿ.

ಈ ಸಮಸ್ಯೆಗೆ ಎಲ್ಲಕ್ಕಿಂತ ಸರಳವಾದ ಪರಿಹಾರವನ್ನು 1977ರಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಕೊಟ್ಟರು. ಅದಕ್ಕೆ ಎಕ್ಸ್‌ಮೋಡೆಮ್ ಎಂದು ಹೆಸರು. ಕಡತವನ್ನು 128 ಬೈಟ್‌ಗಳ ತುಂಡುಗಳಾಗಿ ಕತ್ತರಿಸಬೇಕು. ಪ್ರತಿ ತುಂಡಿನ ತಲೆಗೆ ಅದರ ಕ್ರಮಸಂಖ್ಯೆಯನ್ನೂ, ಬಾಲಕ್ಕೆ ಒಳಗಿನ ಬೈಟ್‌ಗಳನ್ನೆಲ್ಲ ಕೂಡಿದ ಮೊತ್ತದ ಕೊನೆಯ ಎಂಟು ಬಿಟ್‌ಗಳನ್ನೂ ಕಟ್ಟಬೇಕು. ಪಡೆದವರು ತಾವೂ ಕೂಡಿ ನೋಡುತ್ತಾರೆ, ತಾಳೆಯಾದರೆ ‘ಸರಿ’ ಎಂಬ ಒಂದು ಬೈಟ್, ಆಗದಿದ್ದರೆ ‘ಮತ್ತೊಮ್ಮೆ’ ಎಂಬ ಒಂದು ಬೈಟ್ ಹಿಂದಿರುಗಿಸುತ್ತಾರೆ. ಸಂತೆಯಲ್ಲಿ ಮೂಟೆ ಎಣಿಸಿ ಚೀಟಿ ಕೊಡುವ ಕ್ರಮ ಇದು. ಟೆರಾ ಟರ್ಮ್‌ನ ಫೈಲ್ ಪಟ್ಟಿಯಲ್ಲಿರುವ ಟ್ರಾನ್ಸ್‌ಫರ್ ಆಯ್ಕೆಯಲ್ಲಿ ಒಂದು ಕಡೆ ಕಳುಹಿಸಲೂ ಇನ್ನೊಂದು ಕಡೆ ಪಡೆಯಲೂ ಎಕ್ಸ್‌ಮೋಡೆಮನ್ನು ಆರಿಸಿ. ಪಡೆಯುವವರೇ ‘ಕಳುಹಿಸು’ ಎಂದು ಆರಂಭದ ಸಂಜ್ಞೆ ಕೊಡಬೇಕಾದುದರಿಂದ ಎರಡೂ ಕಡೆ ಹೊಂದಿಸುವವರೆಗೆ ಏನೂ ನಡೆಯುವುದಿಲ್ಲ. ಎಕ್ಸ್‌ಮೋಡೆಮಿಗೆ ಕಡತದ ಉದ್ದ ತಿಳಿಯದು. ಕೊನೆಯ ತುಂಡು 128ಕ್ಕೆ ಸಾಲದಿದ್ದರೆ 26ನೆಯ ಸಂಕೇತವನ್ನು ತುಂಬಿ ಕಳುಹಿಸುತ್ತದೆ. ಹಾಗಾಗಿ ತಲುಪಿದ ಕಡತ ಒಂದಿಷ್ಟು ದಪ್ಪಗಾಗಿ ಕಂಡರೆ ತಪ್ಪು ಮಾಡಿದೆವೆಂದು ತಿಳಿಯಬೇಡಿ.

ಕೂಡಿ ನೋಡುವ ಲೆಕ್ಕಕ್ಕೆ ಒಂದು ಹುಳುಕಿದೆ. 47 ಎಂಬುದು 74 ಎಂದಾದರೂ ಮೊತ್ತ ಅಷ್ಟೇ ಇರುತ್ತದೆ. ಒಂದು ಕಡೆ ಹೆಚ್ಚಿದ್ದು ಇನ್ನೊಂದು ಕಡೆ ಕಡಿಮೆಯಾದರೆ ತಪ್ಪು ನುಸುಳಿಹೋಗುತ್ತದೆ. ಇದನ್ನು ತಡೆಯಲು ಮುಂದೆ ಸಿಆರ್‌ಸಿ ಎಂಬ ಬಲವಾದ ಲೆಕ್ಕ ಬಂತು. 1986ರಲ್ಲಿ ಚಕ್ ಫೋರ್ಸ್‌ಬರ್ಗ್ ರೂಪಿಸಿದ ಜೆಡ್‌ಮೋಡೆಮ್ ಅದನ್ನೂ ಬಳಸಿತು, ಪ್ರತಿ ತುಂಡಿಗೂ ಚೀಟಿಗಾಗಿ ಕಾಯುವುದನ್ನೂ ಬಿಟ್ಟಿತು, ಎಲ್ಲಕ್ಕಿಂತ ಮುಖ್ಯವಾಗಿ, ಕರೆ ಮಧ್ಯದಲ್ಲಿ ಕಡಿದರೆ ನಿಂತ ಜಾಗದಿಂದಲೇ ಮುಂದುವರಿಸುವ ಸೌಕರ್ಯವನ್ನು ಕೊಟ್ಟಿತು. ಮಳೆಗಾಲದಲ್ಲಿ ಘಟ್ಟದ ಮರ ತಂತಿಯ ಮೇಲೆ ಬೀಳುವ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಪ್ರಯೋಗದಲ್ಲಿ ಬೇಕೆಂದೇ ತಂತಿ ಕಿತ್ತು, ಮತ್ತೆ ಜೋಡಿಸಿ, ಮುಂದುವರಿಯುವುದನ್ನು ನೋಡಿ.

ಒಂದು ಲೆಕ್ಕವನ್ನೂ ಮಾಡಿ ನೋಡಬಹುದು. 1.44 ಎಂಬಿ ಫ್ಲಾಪಿಯಲ್ಲಿ 14,74,560 ಬೈಟ್‌ಗಳಿರುತ್ತವೆ. 2400ರ ವೇಗದಲ್ಲಿ ಅದನ್ನು ದಾಟಿಸಲು ಏನೂ ಕೆಡದಿದ್ದರೂ ಒಂದು ತಾಸು 42 ನಿಮಿಷ ಬೇಕು. ಅದೇ ಫ್ಲಾಪಿಯನ್ನು ಶಿರಸಿಯಲ್ಲಿ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟರೆ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ತಲುಪುತ್ತದೆ, ಫೋನಿನ ಬಿಲ್ಲೂ ಬರುವುದಿಲ್ಲ. ಎರಡು ಫ್ಲಾಪಿಗಳಿದ್ದರೆ ಬಸ್ಸೇ ಗೆಲ್ಲುತ್ತದೆ. 14,400ರ ಮೋಡೆಮಿಗೆ ಮಾತ್ರ ಇದು ಹದಿನೇಳು ನಿಮಿಷದ ಕೆಲಸ, ಅಲ್ಲಿಗೆ ಬಸ್ಸಿನ ಆಟ ಮುಗಿಯಿತು.

ಒಂದೇ ಫೋನಿನ ಸಾರ್ವಜನಿಕ ಫಲಕ

ಇಬ್ಬರ ಮಾತು ಹಲವರದಾದದ್ದು ಬುಲೆಟಿನ್ ಬೋರ್ಡ್‌ಗಳಿಂದ, ಅಂದರೆ ಬಿಬಿಎಸ್‌ಗಳಿಂದ. 1978ರ ಜನವರಿಯಲ್ಲಿ ಷಿಕಾಗೋ ನಗರ ಹಿಮದಲ್ಲಿ ಹೂತು ಜನ ಮನೆಯಿಂದ ಹೊರಬೀಳಲಾಗದೆ ಕುಳಿತಿದ್ದಾಗ, ಅದೇ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ಅವರ ಗೆಳೆಯ ರ್‍ಯಾಂಡಿ ಸೂಸ್ ತಮ್ಮ ಕಂಪ್ಯೂಟರ್ ಸಂಘದ ಸೂಚನೆಗಳಿಗಾಗಿ ಇಂತಹದೊಂದನ್ನು ಕಟ್ಟತೊಡಗಿದರು; ಫೆಬ್ರುವರಿ 16ರಂದು ಅದು ಎಲ್ಲರಿಗೂ ತೆರೆಯಿತು. ಆಷಾಢದ ಮಳೆಗೆ ಸೊಸೈಟಿಯ ಗೋಡೆಯ ನೋಟೀಸನ್ನು ಓದಲೂ ಪೇಟೆಗೆ ಹೋಗಲಾರದವರಿಗೆ ಆ ಹುಕಿ ಅರ್ಥವಾಗುತ್ತದೆ. ಕಾರ್ಯವಿಧಾನ ಬಹಳ ಸರಳ: ಒಬ್ಬರ ಮನೆಯಲ್ಲಿ ಒಂದು ಕಂಪ್ಯೂಟರು, ಒಂದು ಮೋಡೆಮ್, ಒಂದು ಫೋನು. ಕರೆ ಮಾಡಿದವರು ಹಿಂದಿನವರು ಬಿಟ್ಟುಹೋದ ಸಂದೇಶಗಳನ್ನು ಓದುತ್ತಾರೆ, ತಮ್ಮದನ್ನು ಬಿಡುತ್ತಾರೆ, ಇಡುತ್ತಾರೆ. ಅವರು ಇಡುವವರೆಗೆ ಇನ್ನೊಬ್ಬರಿಗೆ ಎಂಗೇಜ್ ಸ್ವರ. ಬೆಂಗಳೂರಿನಲ್ಲಿ ಅತುಲ್ ಚಿಟ್ನಿಸ್ 1980ರ ದಶಕದ ಕೊನೆಯಿಂದ ಸಿಐಎಕ್ಸ್ ಎಂಬ ಫಲಕವನ್ನು ನಡೆಸುತ್ತಿದ್ದರು.

ನೀವೂ ಒಂದನ್ನು ನಡೆಸಬಹುದು. ಸಿಂಕ್ರೋನೆಟ್ ಎಂಬ ಉಚಿತ ತಂತ್ರಾಂಶ ಇಂದಿಗೂ ಬೆಳೆಯುತ್ತಿದೆ, ಸಾಧಾರಣ ಲಿನಕ್ಸ್ ಯಂತ್ರದ ಮೇಲೆ ಓಡುತ್ತದೆ. ಮೋಡೆಮ್ ಇಲ್ಲದವರು ಟೆಲ್ನೆಟ್ ಮೂಲಕವೂ, ಅಂದರೆ ಇಂದಿನ ಜಾಲದ ಮೇಲೆಯೇ ದೂರದ ಯಂತ್ರದೊಳಗೆ ಅಕ್ಷರಗಳಲ್ಲಿ ಕೆಲಸ ಮಾಡುವ ಕ್ರಮದಿಂದಲೂ ಪ್ರವೇಶಿಸಬಹುದು. ಸಿಂಕ್‌ಟರ್ಮ್ ಎಂಬ ಟರ್ಮಿನಲ್ ತಂತ್ರಾಂಶದೊಳಗೆ ಇಂದಿಗೂ ಜೀವಂತವಾಗಿರುವ ಫಲಕಗಳ ಪಟ್ಟಿಯೇ ಇರುತ್ತದೆ. ಟೆಲ್ನೆಟ್‌ನಲ್ಲಿ ಗುಪ್ತಪದ ಯಾವ ಮುಚ್ಚುಮರೆಯೂ ಇಲ್ಲದೆ ಸಾಗುವುದರಿಂದ ಬ್ಯಾಂಕಿಗೆ ಬಳಸುವ ಗುಪ್ತಪದವನ್ನು ಅಲ್ಲಿ ಕೊಡುವ ಮೂರ್ಖತನ ಬೇಡ. ನಿಮ್ಮ ಫಲಕದಲ್ಲಿ ಪ್ರತಿ ಕರೆಗೆ ಇಪ್ಪತ್ತು ನಿಮಿಷದ ಮಿತಿಯನ್ನು ಹಾಕಿ, ಏಕಕಾಲಕ್ಕೆ ಒಬ್ಬರಿಗಷ್ಟೇ ಪ್ರವೇಶ ಕೊಟ್ಟು, ಐದಾರು ಗೆಳೆಯರಿಂದ ಒಂದು ವಾರ ಬಳಸಿಸಿ. ಮೂರನೆಯ ದಿನಕ್ಕೆ ಎಲ್ಲರೂ ತಮ್ಮ ಉತ್ತರವನ್ನು ಬೇರೆ ಕಡೆ ಬರೆದಿಟ್ಟುಕೊಂಡೇ ಬರತೊಡಗುತ್ತಾರೆ. ಹಿಂದೆ ಇದೇ ಕಾರಣಕ್ಕೆ ಹೊಸ ಸಂದೇಶಗಳನ್ನೆಲ್ಲ ಒಂದು ಕಟ್ಟಾಗಿ ಇಳಿಸಿಕೊಂಡು, ಫೋನ್ ಇಟ್ಟು, ಬಿಡುವಾಗಿ ಓದಿ, ಉತ್ತರಗಳ ಕಟ್ಟನ್ನು ಮರುದಿನ ಏರಿಸುವ ತಂತ್ರಾಂಶಗಳು ಬಂದವು.

ಊರಿಂದೂರಿಗೆ ಟಪಾಲು

ಫಲಕಗಳು ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುವಂತೆ ಮಾಡಿದ್ದು 1984ರಲ್ಲಿ ಟಾಮ್ ಜೆನಿಂಗ್ಸ್ ಆರಂಭಿಸಿದ ಫಿಡೋನೆಟ್. ರಾತ್ರಿಯ ಗೊತ್ತಾದ ಹೊತ್ತಿನಲ್ಲಿ ಒಂದು ಫಲಕ ಇನ್ನೊಂದಕ್ಕೆ ತಾನೇ ಕರೆ ಮಾಡಿ ಪತ್ರಗಳ ಚೀಲವನ್ನು ಬದಲಿಸಿಕೊಳ್ಳುತ್ತಿತ್ತು. ಜಗತ್ತನ್ನು ವಲಯಗಳಾಗಿ ಹಂಚಿ ಏಷ್ಯಾವನ್ನು 6ನೆಯ ವಲಯವೆಂದು ಕರೆದರು. ಯುನಿಕ್ಸ್ ಯಂತ್ರಗಳಲ್ಲಿ ಇದೇ ಕೆಲಸವನ್ನು ಬೆಲ್ ಪ್ರಯೋಗಾಲಯದ ಮೈಕ್ ಲೆಸ್ಕ್ 1970ರ ದಶಕದಲ್ಲಿ ಬರೆದ ಯುಯುಸಿಪಿ ಎಂಬ ತಂತ್ರಾಂಶ ಮಾಡುತ್ತಿತ್ತು, ಮನೆಯ ಪ್ರಯೋಗಕ್ಕೆ ಅದೇ ಒಳ್ಳೆಯದು.

ಇದರಲ್ಲಿ ವಿಳಾಸವೆಂದರೆ ದಾರಿಯೇ. ಶಿರಸಿಯ ಯಂತ್ರಕ್ಕೆ ಕುಮಟೆಯದಷ್ಟೇ ಗೊತ್ತು, ಕುಮಟೆಗೆ ಅಂಕೋಲೆ ಗೊತ್ತು, ಅಂಕೋಲೆಗೆ ಕಾರವಾರ ಗೊತ್ತು ಎಂದಾದರೆ ಕಾರವಾರದ ಗಣಪತಿಗೆ ಬರೆಯುವವರು ‘ಕುಮಟಾ!ಅಂಕೋಲಾ!ಕಾರವಾರ!ಗಣಪತಿ’ ಎಂದು ಬರೆಯಬೇಕು. ಬಸ್ಸು ಎಲ್ಲೆಲ್ಲಿ ಬದಲಿಸಬೇಕೆಂದು ಊರಿಗೆ ಬರುವ ನೆಂಟರಿಗೆ ಹೇಳಿಕೊಟ್ಟಂತೆ. ಮಧ್ಯದ ಒಂದು ಯಂತ್ರ ಕೆಟ್ಟಿದ್ದರೆ ಪತ್ರ ಅಲ್ಲಿಯೇ ಕಾಯುತ್ತದೆ.

ಲಿನಕ್ಸ್ ಇರುವ ಮೂರು ಹಳೆಯ ಯಂತ್ರಗಳಿಗೆ ಟೇಲರ್ ಯುಯುಸಿಪಿ ಎಂಬ ಅದರ ಆವೃತ್ತಿಯನ್ನು ಸ್ಥಾಪಿಸಿ, ಒಂದೊಂದಕ್ಕೂ ಒಂದೊಂದು ಊರಿನ ಹೆಸರಿಟ್ಟು, ‘ಸಿಸ್’, ‘ಪೋರ್ಟ್’, ‘ಡಯಲ್’ ಎಂಬ ಮೂರು ಕಡತಗಳಲ್ಲಿ ಯಾರಿಗೆ, ಯಾವ ಪೋರ್ಟಿನಿಂದ, ಯಾವ ಆಜ್ಞೆಯಿಂದ ಕರೆ ಮಾಡಬೇಕೆಂದು ಬರೆಯಿರಿ. ಮೊದಲು ಬರಿಯ ಕಡತವನ್ನು ದಾಟಿಸಿ ನೋಡಿ, ಅಂಚೆಯ ಜೋಡಣೆಯನ್ನು ಆಮೇಲೆ ಮಾಡಿ. ಎರಡನ್ನೂ ಒಟ್ಟಿಗೆ ಹಿಡಿದವರು ಎಲ್ಲಿ ತಪ್ಪಿತೆಂದು ತಿಳಿಯದೆ ಬಿಟ್ಟುಬಿಟ್ಟದ್ದನ್ನು ನೋಡಿದ್ದೇನೆ. ಕರೆಯ ಸಮಯವನ್ನು ಸೂಚಿಸುವ ಸಾಲಿನಲ್ಲಿ ‘ನೈಟ್’ ಎಂದು ಹಾಕಿದರೆ ವಾರದ ದಿನಗಳಲ್ಲಿ ರಾತ್ರಿ ಹನ್ನೊಂದು ದಾಟುವವರೆಗೆ ಅದು ಕದಲುವುದಿಲ್ಲ. ಅಮೆರಿಕದ ಫೋನ್ ದರದ ಲೆಕ್ಕಕ್ಕೆ ಬರೆದ ಆ ಪದ ನಮ್ಮ ಎಸ್‌ಟಿಡಿ ಲೆಕ್ಕಕ್ಕೂ ಹೊಂದುತ್ತದೆ ಎಂಬುದು ನನಗೆ ಸದಾ ತಮಾಷೆಯೆನಿಸಿದೆ.

ಭಾರತದಲ್ಲಿ 1986ರಲ್ಲಿ ಆರಂಭವಾದ, ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳ ಜಾಲವಾದ ಎರ್‌ನೆಟ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು ಮುಂತಾದ ಸಂಸ್ಥೆಗಳ ನಡುವೆ ವಿದ್ಯುನ್ಮಾನ ಅಂಚೆಯನ್ನು ಮೊದಲಿಗೆ ಇಂತಹ ಡಯಲ್ ಮಾಡುವ ಕ್ರಮದಿಂದಲೇ ಸಾಗಿಸಿತು. ಸರ್ಕಾರದ ನಿಕ್‌ನೆಟ್ ಉಪಗ್ರಹದ ಮೂಲಕ ಜಿಲ್ಲಾ ಕೇಂದ್ರಗಳನ್ನು ಸೇರಿಸಿತು. ಆದರೆ ಅದು ಕಚೇರಿಯೊಳಗಿನ ಮಾತು, ಸಾಮಾನ್ಯರಿಗೆ ತೆರೆದ ಬಾಗಿಲಲ್ಲ. ಆ ಬಾಗಿಲನ್ನು, ಅಂದರೆ ಸಾಮಾನ್ಯರಿಗೂ ಇಂಟರ್ನೆಟ್ಟನ್ನು, ಆಗ ಸರ್ಕಾರದ್ದಾಗಿದ್ದ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ತೆರೆಯಿತು. ಅಲ್ಲಿಯೂ ಅಗ್ಗದ ಖಾತೆಯೆಂದರೆ ಮೋಡೆಮಿನಿಂದ ಕರೆ ಮಾಡಿ ಆ ಕಡೆಯ ಯುನಿಕ್ಸ್ ಯಂತ್ರದೊಳಗೆ ಬರಿಯ ಅಕ್ಷರಗಳಲ್ಲಿ ಕೆಲಸ ಮಾಡುವುದಾಗಿತ್ತು. ಈವರೆಗಿನ ಹಂತಗಳನ್ನು ಮಾಡಿದವರಿಗೆ ಅದರಲ್ಲಿ ಹೊಸದೇನೂ ಕಾಣುವುದಿಲ್ಲ.

ಕರೆ ಮುಗಿಸುವುದು

ಮೋಡೆಮ್ ಸಂಪರ್ಕದಲ್ಲಿರುವಾಗ ಒತ್ತಿದ್ದೆಲ್ಲ ಆ ಕಡೆಗೆ ಹೋಗುವುದರಿಂದ ‘ಎಟಿಎಚ್’ ಎಂದರೂ ಅದು ಇಡುವುದಿಲ್ಲ, ಅದನ್ನೂ ಸಂದೇಶವೆಂದೇ ಕಳುಹಿಸುತ್ತದೆ. ಒಂದು ಸೆಕೆಂಡು ಸುಮ್ಮನಿದ್ದು, ಮೂರು ಬಾರಿ ಕೂಡಿಸುವ ಚಿಹ್ನೆಯನ್ನು ಬಿಡುವಿಲ್ಲದೆ ಒತ್ತಿ, ಎಂಟರ್ ಕೊಡದೆ ಮತ್ತೆ ಒಂದು ಸೆಕೆಂಡು ಸುಮ್ಮನಿರಬೇಕು. ‘ಓಕೆ’ ಬಂದ ಮೇಲೆ ‘ಎಟಿಎಚ್’. ಈ ಎರಡು ಮೌನಗಳಲ್ಲಿ ಒಂದನ್ನು ತಪ್ಪಿಸಿದರೂ ಮೋಡೆಮ್ ಕೇಳಿಸಿಕೊಳ್ಳುವುದಿಲ್ಲ. ನಿಜವಾದ ಫೋನಿನಲ್ಲಾದರೆ ರಿಸೀವರ್ ಎತ್ತಿ ಡಯಲ್ ಟೋನ್ ಮರಳಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಮೋಡೆಮ್ ಇಟ್ಟಿದೆಯೆಂದು ನಂಬಿ ಮಲಗಿ, ಬೆಳಗಿನವರೆಗೆ ಎಸ್‌ಟಿಡಿ ಓಡಿಸಿದ ಒಂದು ಬಿಲ್ಲು ನನ್ನ ಕಡತದಲ್ಲಿ ಇನ್ನೂ ಇದೆ.

ಆಮೇಲೆ ಫೋನಿನ ತಂತಿಯನ್ನು ಗೋಡೆಯಿಂದಲೇ ಕಿತ್ತಿಡಬೇಕು, ಕರೆಂಟಿನ ಸ್ವಿಚ್ಚು ಆರಿಸಿದರೆ ಸಾಲದು. ಮೇ ತಿಂಗಳ ಒಂದು ಸಂಜೆ, ಮಳೆ ಇನ್ನೂ ಯಲ್ಲಾಪುರದ ಕಡೆ ಗುಡುಗುತ್ತಿದೆ, ಇಲ್ಲಿಗೆ ಬರಲು ಹೊತ್ತಿದೆ ಎಂದು ಅಂದಾಜಿಸಿ ನಾನು ಚಹಾ ಕುಡಿಯಲು ಎದ್ದೆ. ಸಿಡಿಲು ಎಲ್ಲಿ ಬಿತ್ತೋ ತಿಳಿಯಲಿಲ್ಲ. ಕಿಲೋಮೀಟರುಗಟ್ಟಲೆ ಕಂಬಗಳ ಮೇಲೆ ಬಂದ ತಂತಿ ಅದನ್ನು ನೇರ ನನ್ನ ಮೇಜಿಗೆ ತಂದು ಮುಟ್ಟಿಸಿತು. ಮೋಡೆಮಿನ ಜೊತೆಗೆ ಕಂಪ್ಯೂಟರಿನ ಸೀರಿಯಲ್ ಪೋರ್ಟೂ ಹೋಯಿತು. ಅಟ್ಟದಿಂದ ಇಳಿಸಿದ ಪೆಟ್ಟಿಗೆಗೆ ಮತ್ತೆ ಜೀವ ಬಾರದಿದ್ದರೆ ಅದರ ಮುಚ್ಚಳ ತೆರೆದು, ಫೋನ್ ತಂತಿ ಸೇರುವ ಜಾಗದ ಬಳಿ ಕಪ್ಪು ಕಲೆಯಿದೆಯೇ ಎಂದು ಮೊದಲು ನೋಡಿ.